ಟ್ಯೂಬ್ ಆಂಪ್ ಬೇಕಾ, ಮಾಡೆಲರ್ ಸಾಕಾ? ಮೈಸೂರು-ಮಂಡ್ಯದ ಗಿಟಾರ್‌ನವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಿಕ್ ಗಿಟಾರ್ ಕೊಂಡು ಸ್ವಲ್ಪ ದಿನ ಆದ ಮೇಲೆ ಎಲ್ಲರಿಗೂ ಈ ತಲೆನೋವು ಶುರುವಾಗುತ್ತದೆ: ವಾಲ್ವ್ ಇರುವ ಹಳೆಯ ನಮೂನೆಯ ಟ್ಯೂಬ್ ಆಂಪ್ ಕೊಳ್ಳಬೇಕಾ, ಆಂಪ್‌ಗಳ ಶಬ್ದವನ್ನು ಅನುಕರಿಸುವ ಡಿಜಿಟಲ್ ಪೆಟ್ಟಿಗೆ, ಅಂದರೆ ಮಾಡೆಲರ್, ಸಾಕಾ? ಇಂಟರ್‌ನೆಟ್‌ನಲ್ಲಿ ಉತ್ತರಗಳಿಗೆ ಬರ ಇಲ್ಲ. ಆದರೆ ಅವುಗಳಲ್ಲಿ ಜಾಸ್ತಿ ಪಾಲು ದೊಡ್ಡ ಗ್ಯಾರೇಜ್ ಇರುವ, ಪಕ್ಕದ ಮನೆ ಎಲ್ಲೋ ದೂರದಲ್ಲಿ ಇರುವ ಊರಿನವರು ಹೇಳಿದ್ದು. ಕುವೆಂಪುನಗರದ ಎರಡನೇ ಮಹಡಿಯ ಬಾಡಿಗೆ ಮನೆಗೆ, ಮಂಡ್ಯದ ಗಣಪತಿ ಪೆಂಡಾಲ್‌ಗೆ ಆ ಲೆಕ್ಕ ಹೊಂದುವುದಿಲ್ಲ. ನಮ್ಮ ಕಡೆಯವರು ಕೇಳುವ ಪ್ರಶ್ನೆಗಳು ಮತ್ತು ನನಗೆ ಸರಿ ಅನ್ನಿಸಿದ ಉತ್ತರಗಳು ಇಲ್ಲಿವೆ.

ಟ್ಯೂಬ್ ಆಂಪ್ ಅಂದರೆ ಏನು? ತಾತನ ವಾಲ್ವ್ ರೇಡಿಯೋಗೂ ಅದಕ್ಕೂ ಸಂಬಂಧ ಇದೆಯಾ?

ಇದೆ. ಎರಡರ ಒಳಗೂ ಇರುವುದು ಒಂದೇ ಸಾಮಾನು. ಗಾಳಿ ತೆಗೆದ ಗಾಜಿನ ಕೊಳವೆ, ಅದರೊಳಗೆ ಕಾಯುವ ತಂತಿ. ಬಿಸಿಯಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಟು ಪ್ಲೇಟ್ ಕಡೆ ಓಡುತ್ತವೆ. ನಡುವೆ ಗ್ರಿಡ್ ಅನ್ನುವ ಜಾಲರಿ. ಗಿಟಾರ್‌ನಿಂದ ಬಂದ ಚಿಕ್ಕ ಸಿಗ್ನಲ್ ಆ ಜಾಲರಿಗೆ ಹೋಗಿ, ದೊಡ್ಡ ಕರೆಂಟ್‌ನ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಸಿಗ್ನಲ್ ದೊಡ್ಡದಾಗುವುದು ಹೀಗೆ.

ಮೈಸೂರಿಗೆ ಇದು ಹೊಸ ವಿಷಯ ಏನಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದರಲ್ಲ, ಆಕಾಶವಾಣಿ ಅನ್ನುವ ಹೆಸರು ಬಂದದ್ದೂ ಅಲ್ಲೇ, ಆ ಪ್ರಸಾರ ನಡೆದದ್ದು ವಾಲ್ವ್‌ಗಳಿಂದ. ಟ್ರಾನ್ಸಿಸ್ಟರ್ ಹುಟ್ಟಿದ್ದೇ 1947ರಲ್ಲಿ. ಮುಂದೆ ಬೆಂಗಳೂರಿನ ಬಿಇಎಲ್ ಕೂಡ ರೇಡಿಯೋಗಳಿಗಾಗಿ ವಾಲ್ವ್ ತಯಾರಿಸಿತು. ಅವರ ಇಎಲ್84 ವಾಲ್ವ್‌ಗಳನ್ನು ಇವತ್ತಿಗೂ ಗಿಟಾರ್ ಆಂಪ್‌ಗೆ ಅಂತ ಹುಡುಕುವವರು ಇದ್ದಾರೆ. ವೋಕ್ಸ್ ಎಸಿ30 ಆಂಪ್‌ನಲ್ಲಿ ಇರುವುದು ಅದೇ ನಮೂನೆಯ ವಾಲ್ವ್.

ರೇಡಿಯೋ, ಟಿವಿ, ಕಂಪ್ಯೂಟರ್ ಎಲ್ಲವೂ ವಾಲ್ವ್ ಬಿಟ್ಟವು. ಗಿಟಾರ್‌ನವರು ಮಾತ್ರ ಬಿಡಲಿಲ್ಲ. ಕಾರಣ ಸುಲಭ. ಉಳಿದವರಿಗೆ ವಾಲ್ವ್‌ನ ದೋಷ ದೋಷವೇ. ನಮಗೆ ಆ ದೋಷವೇ ಬೇಕಾಗಿತ್ತು. ಮಿತಿ ಮೀರಿ ಸಿಗ್ನಲ್ ಕೊಟ್ಟಾಗ ವಾಲ್ವ್ ಅಲೆಯ ತುದಿಯನ್ನು ಥಟ್ಟನೆ ಕತ್ತರಿಸುವುದಿಲ್ಲ, ಮೆಲ್ಲಗೆ ದುಂಡಗೆ ಮಾಡುತ್ತದೆ. ಅದರಿಂದ ಹುಟ್ಟುವ ಹೊಸ ಸ್ವರಾಂಶಗಳನ್ನೇ ನಾವು ಡಿಸ್ಟಾರ್ಷನ್ ಅಂತ ಮೆಚ್ಚಿಕೊಂಡಿದ್ದು.

ಮಾಡೆಲರ್ ಒಳಗೆ ಏನು ನಡೆಯುತ್ತದೆ?

ಗಿಟಾರ್ ಸಿಗ್ನಲ್ ಅಂಕಿಗಳಾಗುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 48,000 ಸಲ ಅಳತೆ ತೆಗೆಯುತ್ತಾರೆ. ಆ ಅಂಕಿಗಳ ಮೇಲೆ ಲೆಕ್ಕ ನಡೆದು ಮತ್ತೆ ಶಬ್ದವಾಗಿ ಹೊರಬರುತ್ತದೆ.

ಲೆಕ್ಕ ಮಾಡುವುದಕ್ಕೆ ಎರಡು ದಾರಿ ಇವೆ. ಒಂದರಲ್ಲಿ ಆಂಪ್‌ನ ಸರ್ಕ್ಯೂಟನ್ನೇ ಗಣಿತಕ್ಕೆ ಇಳಿಸುತ್ತಾರೆ. ಈ ವಾಲ್ವ್ ಹೀಗೆ ವರ್ತಿಸುತ್ತದೆ, ಈ ಕೆಪಾಸಿಟರ್ ಹಾಗೆ ವರ್ತಿಸುತ್ತದೆ ಅಂತ ಒಂದೊಂದನ್ನೂ ಬರೆಯುತ್ತಾರೆ. ಫ್ರಾಕ್ಟಲ್, ಲೈನ್ 6 ಹೀಲಿಕ್ಸ್ ಮಾಡೆಲರ್‌ಗಳು ಈ ದಾರಿಯವು. ಇದರಲ್ಲಿ ನಾಬ್ ತಿರುಗಿಸಿದರೆ ನಿಜವಾದ ಆಂಪ್‌ನ ನಾಬ್ ತಿರುಗಿಸಿದ ಹಾಗೆಯೇ ಟೋನ್ ಬದಲಾಗಬೇಕು, ಬಹಳ ಮಟ್ಟಿಗೆ ಬದಲಾಗುತ್ತದೆ ಕೂಡ. ಇನ್ನೊಂದು ದಾರಿಯಲ್ಲಿ ಸರ್ಕ್ಯೂಟ್ ತಂಟೆಗೇ ಹೋಗುವುದಿಲ್ಲ. ನಿಜವಾದ ಆಂಪ್‌ಗೆ ಪರೀಕ್ಷೆಯ ಸಿಗ್ನಲ್ ಕಳಿಸಿ, ಏನು ಹೊರಬಂತು ನೋಡಿ, ಅದನ್ನೇ ಕಲಿತುಕೊಳ್ಳುತ್ತದೆ. ಕೆಂಪರ್ ಕಂಪನಿ 2011ರಲ್ಲಿ ಪ್ರೊಫೈಲ್ ಅಂತ ಇದನ್ನು ತಂದಿತು. ಈಗ ಕ್ವಾಡ್ ಕಾರ್ಟೆಕ್ಸ್‌ನಂತಹ ಮಾಡೆಲರ್‌ಗಳು ನ್ಯೂರಲ್ ನೆಟ್‌ವರ್ಕ್ ಬಳಸಿ ಇದನ್ನೇ ಮಾಡುತ್ತವೆ, ಕ್ಯಾಪ್ಚರ್ ಅನ್ನುತ್ತಾರೆ. ಕ್ಯಾಪ್ಚರ್ ಒಂದು ಫೋಟೊ ಇದ್ದಂತೆ. ಆ ಆಂಪ್ ಆ ಹೊತ್ತಿನಲ್ಲಿ, ನಾಬ್‌ಗಳು ಆ ಜಾಗದಲ್ಲಿದ್ದಾಗ ಹೇಗಿತ್ತೋ ಅಷ್ಟು ಮಾತ್ರ ಅದರಲ್ಲಿ ಇರುತ್ತದೆ. ಗೇನ್, ಅಂದರೆ ಡಿಸ್ಟಾರ್ಷನ್ ಎಷ್ಟು ಅನ್ನುವುದನ್ನು, ಬದಲಾಯಿಸಬೇಕೆಂದರೆ ಬೇರೆ ಕ್ಯಾಪ್ಚರ್ ತೆಗೆದುಕೊಳ್ಳುವುದು ಮೇಲು.

ಇದೆಲ್ಲ ಮೊನ್ನೆ ಮೊನ್ನೆಯದು ಅಂದುಕೊಳ್ಳಬೇಡಿ. ಲೈನ್ 6 ಕಂಪನಿಯ ರಾಜ್ಮಾ ಕಾಳಿನ ಆಕಾರದ ಕೆಂಪು ಪಾಡ್ ಬಂದದ್ದು 1998ರಲ್ಲಿ. ‘ಡಿಜಿಟಲ್ ಅಂದರೆ ಪ್ಲಾಸ್ಟಿಕ್ ಸೌಂಡ್’ ಅನ್ನುವ ಮಾತು ಹುಟ್ಟಿದ್ದು ಆ ಕಾಲದಲ್ಲಿ. ಅವತ್ತಿಗೆ ಅದು ನಿಜವೇ ಇತ್ತು.

ಶಬ್ದದಲ್ಲಿ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತಾ?

ಎಲ್ಲಿ ಕೇಳುತ್ತೀರಿ ಅನ್ನುವುದರ ಮೇಲೆ ಇದೆ. ಇಡೀ ಜಗಳದ ಮೂಲ ಇಲ್ಲೇ ಇರುವುದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ರೆಕಾರ್ಡಿಂಗ್‌ನಲ್ಲಿ, ಡ್ರಮ್ಸ್, ಬೇಸ್, ಹಾಡು ಎಲ್ಲ ಸೇರಿದ ಮೇಲೆ ಇವತ್ತಿನ ಒಳ್ಳೆಯ ಮಾಡೆಲರ್ ಯಾವುದು, ಟ್ಯೂಬ್ ಆಂಪ್ ಯಾವುದು ಅಂತ ಕಣ್ಣು ಮುಚ್ಚಿ ಹೇಳುವುದು ಪಳಗಿದ ಕಿವಿಗೂ ಕಷ್ಟ. ಇದನ್ನು ಒಪ್ಪದವರು ಸಾಮಾನ್ಯವಾಗಿ ಕಣ್ಣು ತೆರೆದುಕೊಂಡೇ ಕೇಳಿರುತ್ತಾರೆ.

ಒಂದೇ ಕೋಣೆಯಲ್ಲಿ ಆಂಪ್ ಎದುರು ನಿಂತಾಗ ವ್ಯತ್ಯಾಸ ಖಂಡಿತ ಇದೆ. ಆದರೆ ಅದರಲ್ಲಿ ದೊಡ್ಡ ಪಾಲು ವಾಲ್ವ್‌ನದಲ್ಲ, ಸ್ಪೀಕರ್‌ನದು. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಹೈಫೈ ಸ್ಪೀಕರ್ ಅಲ್ಲ. ಸುಮಾರು 5 ಕಿಲೋಹರ್ಟ್ಸ್ ದಾಟಿದರೆ ಅದು ಶಬ್ದವನ್ನು ಬೇಗ ಇಳಿಸಿಬಿಡುತ್ತದೆ. ತೀಕ್ಷ್ಣ ಶಬ್ದವನ್ನು ನೇರ ಮುಂದಕ್ಕೆ ಎಸೆಯುತ್ತದೆ, ಪಕ್ಕಕ್ಕೆ ನಿಂತವರಿಗೆ ಮಂದವಾಗಿ ಕೇಳಿಸುತ್ತದೆ. ಪೆಟ್ಟಿಗೆಯ ಹಲಗೆ ನಡುಗುತ್ತದೆ, ನೆಲ ನಡುಗುತ್ತದೆ, ಪ್ಯಾಂಟ್ ಕೂಡ ಅಲ್ಲಾಡುತ್ತದೆ. ಮಾಡೆಲರ್‌ನಲ್ಲಿ ನಿಮಗೆ ಕೇಳಿಸುವುದು ಇದಲ್ಲ. ಸ್ಪೀಕರ್ ಮುಂದೆ ಇಟ್ಟ ಮೈಕ್‌ಗೆ ಏನು ಕೇಳಿಸುತ್ತದೋ ಅದು. ಅದಕ್ಕೆ ಐಆರ್ (ಇಂಪಲ್ಸ್ ರೆಸ್ಪಾನ್ಸ್) ಅನ್ನುತ್ತಾರೆ. ಯಾವುದೋ ಸ್ಟುಡಿಯೋದಲ್ಲಿ ಯಾವುದೋ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಮುಂದೆ ಮೈಕ್ ಇಟ್ಟು ತೆಗೆದ ಅಳತೆ ಅದು. ‘ಆಂಪ್ ಮುಂದೆ ನಿಂತ ಹಾಗಿಲ್ಲ’ ಅಂತ ದೂರುವವರು ಹೋಲಿಸುತ್ತಿರುವುದು ಕೋಣೆಯ ಶಬ್ದವನ್ನು ಮೈಕ್‌ನ ಶಬ್ದದ ಜೊತೆ.

ಈಗ ಪೆಂಡಾಲ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂತ ಕೇಳುಗರನ್ನು ನೆನಪಿಸಿಕೊಳ್ಳಿ. ಅವರು ಯಾವತ್ತೂ ಆಂಪ್ ಕೇಳಿದವರಲ್ಲ. ಆಂಪ್ ಮುಂದೆ ಎಸ್‌ಎಂ57 ಮೈಕ್, ಅಲ್ಲಿಂದ ಮಿಕ್ಸರ್, ಅಲ್ಲಿಂದ ದೊಡ್ಡ ಸ್ಪೀಕರ್ ಬಾಕ್ಸ್. ಮಾಡೆಲರ್ ಆ ದಾರಿಯನ್ನು ಹತ್ತಿರ ಮಾಡುತ್ತದೆ ಅಷ್ಟೆ.

ಇನ್ನು ಕೈಗೆ ಸಿಗುವ ಅನುಭವ. ಹಳೆಯ ಟ್ಯೂಬ್ ಆಂಪ್‌ನಲ್ಲಿ ತಂತಿಯನ್ನು ಜೋರಾಗಿ ಮೀಟಿದರೆ ಒಳಗಿನ ವೋಲ್ಟೇಜ್ ಒಂದು ಕ್ಷಣ ಕುಸಿದು ಮತ್ತೆ ಮೇಲೇಳುತ್ತದೆ. ಇದನ್ನು ಸ್ಯಾಗ್ ಅನ್ನುತ್ತಾರೆ. ಸ್ವರ ಮೊದಲು ಒತ್ತಿಹಿಡಿದ ಹಾಗಾಗಿ ಆಮೇಲೆ ಅರಳುತ್ತದೆ. ಗಿಟಾರ್‌ನ ವಾಲ್ಯೂಮ್ ನಾಬ್ ಇಳಿಸಿದರೆ ಡಿಸ್ಟಾರ್ಷನ್ ತಾನಾಗಿ ತಿಳಿಯಾಗುತ್ತದೆ. ಈಗಿನ ಮಾಡೆಲರ್‌ಗಳು ಇವೆರಡನ್ನೂ ಮಾಡುತ್ತವೆ, ಚೆನ್ನಾಗಿಯೇ ಮಾಡುತ್ತವೆ. ಆದರೂ ಒಳ್ಳೆಯ ಟ್ಯೂಬ್ ಆಂಪನ್ನು ಜೋರಾಗಿ ಇಟ್ಟು, ಗಿಟಾರ್ ಹಿಡಿದು ಅದರ ಎದುರು ನಿಂತಾಗ ಸ್ಪೀಕರ್‌ನ ಗಾಳಿ ತಂತಿಗೆ ತಾಗಿ ಸ್ವರ ನಿಲ್ಲದೆ ಹಾಡುತ್ತದಲ್ಲ, ಆ ಸುಖ ಹೆಡ್‌ಫೋನ್‌ನಲ್ಲಿ ಬರುವುದಿಲ್ಲ. ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ನನ್ನ ಮಾಡೆಲರ್ ಮಾತ್ರ ಯಾಕೆ ಕರಕರ ಅನ್ನುತ್ತದೆ?

ಹತ್ತರಲ್ಲಿ ಎಂಟು ಸಲ ಕ್ಯಾಬ್ ಸೆಟ್ಟಿಂಗ್ ತಪ್ಪಿರುತ್ತದೆ. ಕ್ಯಾಬ್ ಅಂದರೆ ಮಾಡೆಲರ್ ಒಳಗೆ ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ ಭಾಗ, ಮೇಲೆ ಹೇಳಿದ ಐಆರ್ ಇರುವುದು ಅಲ್ಲೇ. ಮಿಕ್ಸರ್‌ಗೋ ಹೆಡ್‌ಫೋನ್‌ಗೋ ಹೋಗುವಾಗ ಕ್ಯಾಬ್ ಆನ್ ಇರಬೇಕು. ಗಿಟಾರ್ ಆಂಪ್‌ಗೇ ಹಾಕುವಾಗ ಆಫ್ ಇರಬೇಕು. ಮೊದಲನೆಯದು ತಪ್ಪಿದರೆ ಕರಕರ, ಎರಡನೆಯದು ತಪ್ಪಿದರೆ ಕಂಬಳಿ ಹೊದಿಸಿದ ಸದ್ದು.

ಅದು ಸರಿ ಇದ್ದೂ ಚುಚ್ಚುತ್ತಿದ್ದರೆ ಹೈ ಕಟ್ ಫಿಲ್ಟರ್ ಹಾಕಿ 6ರಿಂದ 8 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕತ್ತರಿಸಿ. ಕೆಳಗೆ 80-100 ಹರ್ಟ್ಸ್‌ನಲ್ಲೂ ಕತ್ತರಿಸಿ, ಆ ಜಾಗ ಬೇಸ್ ಗಿಟಾರ್‌ನವರದು. ಗೇನ್ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಸಾಕು. ಫ್ಯಾಕ್ಟರಿ ಪ್ರೀಸೆಟ್‌ಗಳನ್ನು (ಮೊದಲೇ ಹೊಂದಿಸಿಟ್ಟ ಟೋನ್‌ಗಳನ್ನು) ಅಂಗಡಿಯಲ್ಲಿ ಕೇಳುವವರನ್ನು ಬೆರಗುಗೊಳಿಸಲು ಮಾಡಿರುತ್ತಾರೆ. ಎಕೋ, ರಿವರ್ಬ್ ಎಲ್ಲ ಸುರಿದಿರುತ್ತಾರೆ. ಒಂದು ಆಂಪ್, ಒಂದು ಕ್ಯಾಬ್ ಇಟ್ಟುಕೊಂಡು ಖಾಲಿಯಿಂದ ಶುರು ಮಾಡಿ.

ಇನ್ನೊಂದು ಮಾತು. ರಾತ್ರಿ ಮನೆಯಲ್ಲಿ ಮೆಲ್ಲಗೆ ಇಟ್ಟು ಮಾಡಿದ ಟೋನ್ ಸ್ಟೇಜ್ ಮೇಲೆ ಹಾಳಾಗುವುದು ಮಾಡೆಲರ್‌ನ ತಪ್ಪಲ್ಲ. ಶಬ್ದ ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಮತ್ತು ತೀಕ್ಷ್ಣ ಶಬ್ದ ಕಡಿಮೆ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಮನೆಯಲ್ಲಿ ಅವೆರಡನ್ನೂ ಏರಿಸುತ್ತೀರಿ. ಸ್ಟೇಜ್‌ನಲ್ಲಿ ಜೋರಾದಾಗ ಅವು ಮೈಮೇಲೆ ಬೀಳುತ್ತವೆ, ನಡುವಿನ ಗಿಟಾರ್ ಮಾಯ. ಒಂದು ಭಾನುವಾರ ಮಧ್ಯಾಹ್ನ ಪ್ರಾಕ್ಟೀಸ್ ರೂಮಿನಲ್ಲಿ ಜೋರಾಗಿ ಇಟ್ಟು ಪ್ರೀಸೆಟ್ ತಿದ್ದಿಕೊಂಡು ಬನ್ನಿ.

ಮನೆಯಲ್ಲಿ ನುಡಿಸಲು ಎಷ್ಟು ವ್ಯಾಟ್‌ನ ಟ್ಯೂಬ್ ಆಂಪ್ ಬೇಕು?

5 ವ್ಯಾಟ್ ಜಾಸ್ತಿಯಾಯಿತು. ಹೌದು, ಜಾಸ್ತಿ.

ವ್ಯಾಟ್ ಲೆಕ್ಕ ಮೋಸದ್ದು. 50 ವ್ಯಾಟ್‌ನಿಂದ 100 ವ್ಯಾಟ್‌ಗೆ ಹೋದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ತಿರುಗಿಸಿ ನೋಡಿ. 5 ವ್ಯಾಟ್ ಆಂಪ್ 50 ವ್ಯಾಟ್ ಆಂಪ್‌ನ ಅರ್ಧದಷ್ಟು ಜೋರು ಅಂತಾಯಿತು! ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್‌ನಂತಹ ಸ್ಪೀಕರ್‌ಗೆ ಒಂದೇ ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 98 ಡೆಸಿಬೆಲ್ ಬರುತ್ತದೆ. ವಾಸದ ಬಡಾವಣೆಗಳಿಗೆ ಕಾನೂನು ಇಟ್ಟಿರುವ ಮಿತಿ ಹಗಲು 55, ರಾತ್ರಿ ಹತ್ತರ ಮೇಲೆ 45. ಸರಸ್ವತಿಪುರಂನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನ ಮನೆಯ ಆಂಟಿ ಬಂದು ಹೇಳುತ್ತಾರೆ.

ಟ್ಯೂಬ್ ಆಂಪ್‌ನ ಸಂಕಟ ಏನೆಂದರೆ, ಅದು ಚೆನ್ನಾಗಿ ಕೇಳಿಸುವುದೇ ಸ್ಪೀಕರ್‌ಗೆ ಬಲ ಕೊಡುವ ಕೊನೆಯ ಹಂತದ ಪವರ್ ಟ್ಯೂಬ್‌ಗಳು ದುಡಿಯತೊಡಗಿದಾಗ. ವಾಲ್ಯೂಮ್ ಒಂದರಲ್ಲಿ ಇಟ್ಟರೆ ಅರ್ಧ ಕಥೆಯೂ ಸಿಗುವುದಿಲ್ಲ. ಸ್ಪೀಕರ್‌ಗೆ ಹೋಗುವ ಬಲವನ್ನು ಇಳಿಸುವ ಅಟೆನ್ಯುಯೇಟರ್, ಅಥವಾ ಸ್ಪೀಕರ್ ಬದಲು ಆ ಬಲವನ್ನು ತಾನೇ ನುಂಗುವ ಲೋಡ್ ಬಾಕ್ಸ್ ಹಾಕಬಹುದು. ಆದರೆ ಒಳ್ಳೆಯ ಲೋಡ್ ಬಾಕ್ಸ್‌ಗೆ ಕೊಡುವ ದುಡ್ಡಿನಲ್ಲಿ ಒಂದು ಮಾಡೆಲರ್ ಬರುತ್ತದೆ.

ಆಂಪ್ ಆನ್ ಮಾಡಿ, ಸ್ಪೀಕರ್ ವೈರ್ ಕಿತ್ತು ಸುಮ್ನೆ ನುಡಿಸಿದರೆ ಪಕ್ಕದವರಿಗೆ ಕೇಳಿಸಲ್ಲ, ಅಲ್ವಾ?

ದಯವಿಟ್ಟು ಬೇಡ. ಟ್ಯೂಬ್ ಆಂಪ್ ಯಾವತ್ತೂ ಸ್ಪೀಕರ್ ಅಥವಾ ಲೋಡ್ ಇಲ್ಲದೆ ನಡೆಯಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಮಿತಿ ಮೀರಿ ಅದು ಸುಟ್ಟುಹೋಗಬಹುದು. ಆಂಪ್‌ನಲ್ಲಿ ದುಬಾರಿ ಭಾಗಗಳಲ್ಲಿ ಅದೂ ಒಂದು. 8 ಓಮ್, 16 ಓಮ್ ಅನ್ನುವ ಹೊಂದಾಣಿಕೆಯನ್ನೂ ನೋಡಿ ಹಾಕಬೇಕು.

ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಮಾಡೆಲರ್ ನುಡಿಸಬಹುದಾ?

ಆಗುವುದಿಲ್ಲ. ಬ್ಲೂಟೂತ್‌ನಲ್ಲಿ ಶಬ್ದ ತಡವಾಗಿ ಬಂದು, ಕೈ ಒಂದು ಕಡೆ, ಶಬ್ದ ಇನ್ನೊಂದು ಕಡೆ ಆಗುತ್ತದೆ. ವೈರ್ ಇರುವ ಹೆಡ್‌ಫೋನ್ ತೆಗೆದುಕೊಳ್ಳಿ.

ಡಿಜಿಟಲ್‌ನಲ್ಲಿ ತಡ ಆಗುತ್ತದೆ ಅಂತಾರಲ್ಲ?

ಆಗುತ್ತದೆ, ಕೆಲವು ಮಿಲಿಸೆಕೆಂಡ್. ಶಬ್ದಕ್ಕೆ ಗಾಳಿಯಲ್ಲಿ ಮೂರು ಮೀಟರ್ ದಾಟಲು ಸುಮಾರು 9 ಮಿಲಿಸೆಕೆಂಡ್ ಬೇಕು. ಸ್ಟೇಜ್ ಮೇಲೆ ಆಂಪ್‌ನಿಂದ ಮೂರು ಮೀಟರ್ ದೂರ ನಿಂತವರು ಯಾರೂ ತಡವಾಯಿತು ಅಂತ ಅತ್ತದ್ದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಪ್ಲಗಿನ್ (ತಂತ್ರಾಂಶದ ಮಾಡೆಲರ್) ಬಳಸುವವರು ಮಾತ್ರ ಬಫರ್ ಸೆಟ್ಟಿಂಗ್ ನೋಡಿಕೊಳ್ಳಬೇಕು. 128 ಸ್ಯಾಂಪಲ್ ಅಥವಾ ಅದಕ್ಕಿಂತ ಕಡಿಮೆ ಇಡಿ.

ಗಣಪತಿ ಪೆಂಡಾಲ್, ರಸಮಂಜರಿ, ಕಾಲೇಜ್ ಫೆಸ್ಟ್‌ಗೆ ಯಾವುದು ಸರಿ?

ಮಾಡೆಲರ್. ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ರಸಮಂಜರಿಯ ಗಿಟಾರ್‌ನವರ ಕೆಲಸ ಯೋಚಿಸಿ. ಎಪ್ಪತ್ತರ ದಶಕದ ಒಂದು ಹಾಡಿಗೆ ತಿಳಿಯಾದ ಟೋನ್, ಮುಂದಿನದು ಹೊಸ ಸಿನಿಮಾದ ರಾಕ್ ಹಾಡು, ಅದರ ಹಿಂದೆ ಜಾನಪದ, ಆಮೇಲೆ ಸಭಿಕರು ಚೀಟಿ ಬರೆದು ಕಳಿಸಿದ ಹಾಡು. ನಡುವೆ ನಿರೂಪಕರು ಎರಡು ಮಾತು ಆಡುವಷ್ಟು ಸಮಯ. ಒಂದು ಟ್ಯೂಬ್ ಆಂಪ್, ನಾಲ್ಕು ಪೆಡಲ್ ಇಟ್ಟುಕೊಂಡು ಇದನ್ನು ಮಾಡಬಹುದು, ಹಿಂದೆ ಮಾಡಿದ್ದಾರೆ. ಈಗ ಕಾಲಿನಲ್ಲಿ ಒಂದು ಸ್ವಿಚ್ ಒತ್ತಿದರೆ ಮುಗಿಯಿತು.

ಎರಡನೆಯದು ಜಾಗ ಮತ್ತು ಸಮಯ. ದಸರಾ ಮುಂಚಿನ ಯುವ ಸಂಭ್ರಮಕ್ಕೆ ಮಾನಸಗಂಗೋತ್ರಿಯ ಬಯಲು ರಂಗಮಂದಿರಕ್ಕೆ ಹೋದವರಿಗೆ ಗೊತ್ತು, ಒಂದು ತಂಡ ಇಳಿಯುವಷ್ಟರಲ್ಲಿ ಇನ್ನೊಂದು ಹತ್ತಿರುತ್ತದೆ. ಅಂತಹ ಕಡೆ ಆಂಪ್‌ಗೆ ಮೈಕ್ ಇಟ್ಟು, ಜಾಗ ಸರಿಪಡಿಸಿ, ಸೌಂಡ್ ಚೆಕ್ ಮಾಡುವವರು ಯಾರು? ಎಷ್ಟೋ ಕಡೆ ಮೈಕ್ ಸೆಟ್‌ನವರ ಹತ್ತಿರ ಆಂಪ್‌ಗೆ ಇಡುವ ಮೈಕ್ ಸ್ಟ್ಯಾಂಡೇ ಇರುವುದಿಲ್ಲ. ಮಾಡೆಲರ್ ಆದರೆ ಒಂದು ವೈರ್ ಮಿಕ್ಸರ್‌ಗೆ. ಎಕ್ಸ್‌ಎಲ್‌ಆರ್ ವೈರ್ (ಮೈಕ್‌ಗೆ ಹಾಕುವ ಮೂರು ಪಿನ್ನಿನದು) ನಿಮ್ಮದೇ ಒಂದು ಬ್ಯಾಗ್‌ನಲ್ಲಿ ಇರಲಿ. ‘ಅಣ್ಣ, ಗಿಟಾರ್‌ಗೆ ಡಿಐ ಕೊಡಿ, ಇಕ್ಯೂ ಫ್ಲ್ಯಾಟ್ ಇಡಿ’ ಅಂತ ಮೊದಲೇ ಹೇಳಿ. ಮೈಕ್ ಇಲ್ಲದೆ ನೇರ ಮಿಕ್ಸರ್‌ಗೆ ತೆಗೆದುಕೊಳ್ಳಿ, ಬೇಸ್-ಟ್ರೆಬಲ್ ಮುಟ್ಟಬೇಡಿ ಅಂತ ಅರ್ಥ. ನೀವು ಒಳಗೆ ಕ್ಯಾಬ್ ಹಾಕಿದ್ದೀರಿ ಅಂತ ಗೊತ್ತಿಲ್ಲದೆ ಅವರು ಟ್ರೆಬಲ್ ಏರಿಸುವುದು ಮಾಮೂಲಿ.

ನಿಮ್ಮ ಗಿಟಾರ್ ನಿಮಗೇ ಕೇಳಿಸುವುದು ಮಾತ್ರ ಮಾಡೆಲರ್‌ನ ದೊಡ್ಡ ಸಮಸ್ಯೆ. ಹಿಂದೆ ಆಂಪ್ ಇಲ್ಲ. ಮಾನಿಟರ್ ಇದ್ದರೂ ಅದರಲ್ಲಿ ಹಾಡುವವರೇ ತುಂಬಿರುತ್ತಾರೆ. ಇಂತಹ ಸ್ಟೇಜ್‌ಗಳೇ ಜಾಸ್ತಿಯಾದರೆ ಚಿಕ್ಕ ಪವರ್ಡ್ ಸ್ಪೀಕರ್ (ಒಳಗೇ ಆಂಪ್ ಇರುವುದು) ಒಂದನ್ನು ಕಾಲ ಬಳಿ ಇಟ್ಟುಕೊಳ್ಳಿ, ಅಥವಾ ಇಯರ್‌ಫೋನ್ ಮಾನಿಟರ್ ಅಭ್ಯಾಸ ಮಾಡಿ.

ತೂಕದ ವಿಷಯ ಹೇಳದಿದ್ದರೆ ಬೆನ್ನಿಗೆ ಅನ್ಯಾಯ. ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕಿಲೋ. ಅದನ್ನು ಆ್ಯಕ್ಟಿವಾ ಮುಂದೆ ಇಟ್ಟುಕೊಂಡು ಮೈಸೂರಿನಿಂದ ಮಂಡ್ಯಕ್ಕೆ ಹೋಗುವ ಯೋಚನೆ ಇದ್ದರೆ ಶುಭವಾಗಲಿ. ಅದೇ ಫೆಂಡರ್ 2019ರಲ್ಲಿ ಅದೇ ಮುಖದ ಟೋನ್ ಮಾಸ್ಟರ್ ಟ್ವಿನ್ ತಂದಿತು. ಒಳಗೆ ವಾಲ್ವ್ ಇಲ್ಲ, ಪೂರ್ತಿ ಡಿಜಿಟಲ್, ತೂಕ ಸುಮಾರು ಅರ್ಧ. ಟ್ಯೂಬ್ ಆಂಪ್‌ಗೆ ಹೆಸರಾದ ಕಂಪನಿಯೇ ಹೀಗೆ ಮಾಡಿದ ಮೇಲೆ ಜಗಳ ಅರ್ಧ ತಣ್ಣಗಾಯಿತು ಅಂತ ನನಗನ್ನಿಸುತ್ತದೆ.

ಜನರೇಟರ್, ವೋಲ್ಟೇಜ್ ಏರುಪೇರು, ಅರ್ಥಿಂಗ್. ಏನು ನೋಡಿಕೊಳ್ಳಬೇಕು?

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಜಿಲ್ಲೆ ನಮ್ಮ ಮಂಡ್ಯ. ಪೆಂಡಾಲ್‌ನ ಜನರೇಟರ್‌ಗೆ ಆ ಇತಿಹಾಸ ಗೊತ್ತಿಲ್ಲ.

ಮಾಡೆಲರ್‌ಗಳ ಅಡಾಪ್ಟರ್ ಸಾಮಾನ್ಯವಾಗಿ 100ರಿಂದ 240 ವೋಲ್ಟ್ ತನಕ ಏನು ಕೊಟ್ಟರೂ ನಡೆಯುತ್ತದೆ. ಆದರೆ ಕರೆಂಟ್ ಒಂದು ಕ್ಷಣ ಹೋದರೂ ಮತ್ತೆ ಬೂಟ್ ಆಗಬೇಕು. ಹಾಡಿನ ನಡುವೆ ಅಷ್ಟು ಹೊತ್ತು ಸುಮ್ಮನೆ ನಿಲ್ಲುವುದು ಬಹಳ ದೀರ್ಘ. ಕಂಪ್ಯೂಟರ್‌ಗೆ ಇಡುವ ಚಿಕ್ಕ ಯುಪಿಎಸ್ ಸಾಕು. ಇನ್ನೊಂದು, ಕಂಪನಿಯ ಅಡಾಪ್ಟರ್ ಮರೆತು ಪೆಡಲ್ ಅಡಾಪ್ಟರ್ ಹಾಕಬೇಡಿ. ಲೈನ್ 6ರ ಎಚ್‌ಎಕ್ಸ್ ಸ್ಟಾಂಪ್ ಅನ್ನುವ ಚಿಕ್ಕ ಮಾಡೆಲರ್‌ಗೆ 9 ವೋಲ್ಟ್‌ನಲ್ಲಿ 3 ಆಂಪಿಯರ್ ಬೇಕು, ಮಾಮೂಲಿ ಪೆಡಲ್ ಸಪ್ಲೈ ಅಷ್ಟು ಕೊಡುವುದಿಲ್ಲ.

ಟ್ಯೂಬ್ ಆಂಪ್‌ನಲ್ಲಿ ವೋಲ್ಟೇಜ್ ಇಳಿದರೆ ಟೋನ್ ಮೆತ್ತಗಾಗುತ್ತದೆ, ಏರಿದರೆ ವಾಲ್ವ್‌ಗಳ ಆಯಸ್ಸು ಕಡಿಮೆಯಾಗುತ್ತದೆ. ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಟ್ಟ ಆಂಪ್ ಆದರೆ ಹಿಂದೆ 120 ವೋಲ್ಟ್ ಅಂತ ಬರೆದಿದೆಯಾ ನೋಡಿ. ಹಾಗಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್‌ಗೆ ಹಾಕಲೇಬೇಡಿ.

ಅರ್ಥಿಂಗ್ ವಿಷಯ ತಮಾಷೆಯದಲ್ಲ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರ್ ಇರದೆ ಇರಬಹುದು. ಆಗ ಗುಂಯ್ ಅನ್ನುವ ಸದ್ದು ಬರುತ್ತದೆ, ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ. ಸ್ಟೇಜ್‌ನಲ್ಲಿ ಇದು ಅಪಾಯ. ಕೈ ಗಿಟಾರ್ ತಂತಿಯ ಮೇಲೆ, ತುಟಿ ಮೈಕ್‌ಗೆ ತಾಗಿತು ಅಂದರೆ ಶಾಕ್ ಹೊಡೆಯುವುದು ನಿಮಗೆ. ಸದ್ದು ಹೋಗಲಿ ಅಂತ ಅರ್ಥ್ ಪಿನ್ ಕಿತ್ತುಹಾಕುವವರನ್ನು ಕಂಡರೆ ಆಂಪ್‌ನಿಂದ ದೂರ ಇಡಿ. ಹತ್ತು ನಿಮಿಷ ಎಲೆಕ್ಟ್ರಿಷಿಯನ್ ಜೊತೆ ಮಾತಾಡಿ ಟೆಸ್ಟರ್ ಇಟ್ಟು ನೋಡಿಸಿ.

ವಾಲ್ವ್ ಎಷ್ಟು ದಿನ ಬಾಳುತ್ತದೆ? ಹೋದರೆ ಇಲ್ಲಿ ಸಿಗುತ್ತಾ?

ಪ್ರೀಆಂಪ್‌ನ, ಅಂದರೆ ಸಿಗ್ನಲ್ ಮೊದಲು ಹೋಗುವ ಹಂತದ, 12ಎಎಕ್ಸ್7 ವಾಲ್ವ್ ವರ್ಷಾನುಗಟ್ಟಲೆ ಬರುತ್ತದೆ. ಪವರ್ ಟ್ಯೂಬ್‌ಗಳು, ಅಂದರೆ 6ವಿ6, 6ಎಲ್6, ಇಎಲ್34 ಮುಂತಾದವು, ಜೋರಾಗಿ, ವಾರಕ್ಕೆ ಹಲವು ಸಲ ನುಡಿಸಿದರೆ ಒಂದೆರಡು ವರ್ಷಕ್ಕೆ ಸೊರಗುತ್ತವೆ. ಬದಲಾಯಿಸುವಾಗ ಬಹಳ ಆಂಪ್‌ಗಳಲ್ಲಿ ಬಯಾಸ್, ಅಂದರೆ ನುಡಿಸದೆ ಇದ್ದಾಗಲೂ ವಾಲ್ವ್‌ನಲ್ಲಿ ಹರಿಯುವ ಕರೆಂಟ್‌ನ ಮಟ್ಟ, ಸರಿ ಮಾಡಬೇಕು. ಸುಮ್ನೆ ಬಲ್ಬ್ ಹಾಕಿದ ಹಾಗೆ ಹಾಕಿ ಮುಗಿಸುವ ಕೆಲಸ ಅಲ್ಲ.

ಇವತ್ತು ಗಿಟಾರ್ ವಾಲ್ವ್ ಹೆಚ್ಚಾಗಿ ಬರುವುದು ರಷ್ಯಾ, ಸ್ಲೊವಾಕಿಯಾ, ಚೀನಾ, ಈ ಮೂರೇ ದೇಶಗಳಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ವಾಲ್ವ್ ಸಿಗುವುದೇ ಕಷ್ಟವಾಗಿ ಬೆಲೆ ಏರಿತು. ಮೈಸೂರಿನಲ್ಲಿ ಆನ್‌ಲೈನ್ ತರಿಸಿಕೊಳ್ಳುವುದೇ ದಾರಿ. ಒಂದು ಸೆಟ್ ಮೊದಲೇ ತರಿಸಿ ಇಟ್ಟುಕೊಳ್ಳಿ.

ರಿಪೇರಿಗೆ ಹಳೆಯ ರೇಡಿಯೋ ಮೆಕ್ಯಾನಿಕ್‌ಗಳು ಉಳಿದಿದ್ದರೆ ಅವರೇ ದೇವರು. ಸರ್ಕ್ಯೂಟ್ ಕಾಗದ ಕೈಗೆ ಕೊಟ್ಟರೆ ಅರ್ಥ ಮಾಡಿಕೊಳ್ಳುತ್ತಾರೆ. ಇಲ್ಲದಿದ್ದರೆ ಬೆಂಗಳೂರು. ಬೈಕ್‌ನಲ್ಲಿ ಒಯ್ಯುತ್ತೇನೆ ಅಂದರೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯ ಹಂಪ್‌ಗಳಲ್ಲಿ ಇನ್ನೊಂದು ವಾಲ್ವ್ ಹೋಗುತ್ತದೆ. ಬಸ್ಸೋ ಕಾರೋ ನೋಡಿ.

ನೀವೇ ಬಿಚ್ಚಲು ಹೋಗಬೇಡಿ. ಒಳಗೆ 400 ವೋಲ್ಟ್ ದಾಟಿದ ವೋಲ್ಟೇಜ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಜೀವಕ್ಕೆ ಅಪಾಯ.

ಮಾಡೆಲರ್ ಹಾಳಾದರೆ?

ರಸ್ತೆಬದಿಯ ಅಂಗಡಿಯಲ್ಲಿ ಏನೂ ಮಾಡಲಾಗುವುದಿಲ್ಲ. ಬೋರ್ಡೇ ಬದಲಿಸಬೇಕು, ವಾರಂಟಿ ಮುಗಿದಿದ್ದರೆ ಆ ದುಡ್ಡಿಗೆ ಇನ್ನೊಂದೇ ಕೊಳ್ಳುವ ಮನಸ್ಸಾಗುತ್ತದೆ. ಅರವತ್ತರ ದಶಕದ ಟ್ಯೂಬ್ ಆಂಪ್‌ಗಳು ಇನ್ನೂ ಹಾಡುತ್ತಿವೆ, ಬೆಲೆಯೂ ಏರಿದೆ. 1998ರ ಪಾಡ್‌ಗೆ ಇವತ್ತು ಏನು ಬೆಲೆ ಅಂತ ಒಮ್ಮೆ ಹುಡುಕಿ ನೋಡಿ. ಮಾಡೆಲರ್‌ ಪರವಾಗಿ ಇಷ್ಟು ಮಾತಾಡಿದ ನಾನೂ ಇದಕ್ಕೆ ಉತ್ತರ ಕೊಡಲಾರೆ.

ಟ್ರಾನ್ಸಿಸ್ಟರ್ ಆಂಪ್ ಅಂದರೆ ಮೂಗು ಮುರಿಯುತ್ತಾರಲ್ಲ, ಯಾಕೆ?

ಸುಮ್ನೆ ಅಭ್ಯಾಸ. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಟ್ರಾನ್ಸಿಸ್ಟರ್ ಆಂಪ್. ಕ್ಲೀನ್ ಟೋನ್, ಕೋರಸ್ ಅಂದರೆ ಇವತ್ತಿಗೂ ಅದೇ ಅಳತೆಗೋಲು. ಕಾಲೇಜಿನವರು ಹೆಚ್ಚಾಗಿ ಕೊಳ್ಳುವ ಬಾಸ್ ಕಟಾನಾ ಕೂಡ ವಾಲ್ವ್ ಇಲ್ಲದ್ದೇ. ಒಳಗೆ ಮಾಡೆಲಿಂಗ್, ಹೊರಗೆ ನಿಜವಾದ ಗಿಟಾರ್ ಸ್ಪೀಕರ್. ಅರ್ಧ ವ್ಯಾಟ್‌ಗೆ ಇಳಿಸುವ ಸ್ವಿಚ್ ಇದೆ. ಮನೆಗೆ ಒಂದೇ ಪೆಟ್ಟಿಗೆ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಕರ್ನಾಟಕ ಸಂಗೀತ, ಭಾವಗೀತೆ ನುಡಿಸುವವರಿಗೆ?

ಈ ಪ್ರಶ್ನೆ ಬೇರೆ ಊರಿನವರು ಕೇಳುವುದಿಲ್ಲ, ಮೈಸೂರಿನವರು ಕೇಳಿಯೇ ಕೇಳುತ್ತಾರೆ.

ಗಮಕಕ್ಕೆ ಬೇಕಾದದ್ದು ಸ್ವರ ಬೇಗ ಸಾಯದಿರುವುದು. ಗಿಟಾರ್ ಮೀಟಿದ ಕೂಡಲೇ ಸ್ವರ ಇಳಿಯತೊಡಗುತ್ತದೆ. ಒಂದು ಮೀಟಿನಲ್ಲಿ ಕಾಂಭೋಜಿಯ ಉದ್ದದ ಜಾರು ಮುಗಿಸಬೇಕು ಅಂದರೆ ಸಾಲುವುದಿಲ್ಲ. ಹಾಗಂತ ಡಿಸ್ಟಾರ್ಷನ್ ಏರಿಸಿದರೆ ಎರಡು ತಂತಿ ಒಟ್ಟಿಗೆ ನುಡಿದಾಗ ಬೇಡದ ಸ್ವರಗಳು ಹುಟ್ಟಿ ಶ್ರುತಿ ಕದಡುತ್ತದೆ. ನಡುವಿನ ದಾರಿ, ಆಂಪ್ ಒಡೆಯುವುದಕ್ಕೆ ಸ್ವಲ್ಪ ಮುಂಚಿನ ಜಾಗ. ಅಲ್ಲಿ ವಾಲ್ವ್ ಸ್ವರವನ್ನು ತಾನೇ ಹಿಡಿದು ನಿಲ್ಲಿಸುತ್ತದೆ. ಮಾಡೆಲರ್‌ನಲ್ಲಾದರೆ ಫೆಂಡರ್ ಡೀಲಕ್ಸ್ ರಿವರ್ಬ್ ಜಾತಿಯ ಮಾಡೆಲ್ ತೆಗೆದು, ಮುಂದೆ ಮಿತವಾಗಿ ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ತಗ್ಗಿಸುವುದು) ಹಾಕಿ. ಎಲೆಕ್ಟ್ರಿಕ್ ವಾದ್ಯದಲ್ಲಿ ಕಛೇರಿ ಆಗುತ್ತಾ ಅನ್ನುವ ಪ್ರಶ್ನೆಯನ್ನು ಮ್ಯಾಂಡೊಲಿನ್ ಯು. ಶ್ರೀನಿವಾಸ್ ಎಂದೋ ಮುಗಿಸಿಬಿಟ್ಟಿದ್ದಾರೆ.

ಭಾವಗೀತೆಗೆ ಜೆಸಿ-120 ಮಾಡೆಲ್, ಸ್ವಲ್ಪ ಕೋರಸ್, ಸ್ವಲ್ಪ ರಿವರ್ಬ್. ಹಾಡಿನ ಮಾತು ಮುಳುಗಬಾರದು, ಅಷ್ಟೇ.

ದುಡ್ಡೇ ಇಲ್ಲ. ಏನು ಮಾಡಲಿ?

ಲ್ಯಾಪ್‌ಟಾಪ್ ಇದ್ದರೆ ಒಂದು ಸಾಧಾರಣ ಆಡಿಯೋ ಇಂಟರ್‌ಫೇಸ್ ಸಾಕು. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ತಂತ್ರಾಂಶ ಪೂರ್ತಿ ಉಚಿತ. ಜನ ತಮ್ಮ ತಮ್ಮ ಆಂಪ್‌ಗಳ ಕ್ಯಾಪ್ಚರ್ ಮಾಡಿ ಹಂಚಿಕೊಂಡಿದ್ದಾರೆ, ಜೊತೆಗೆ ಒಂದು ಉಚಿತ ಐಆರ್ ಹಾಕಿ. ಇಂಟರ್‌ಫೇಸ್‌ನಲ್ಲಿ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ-ಝೆಡ್’ ಸ್ವಿಚ್ ಆನ್ ಮಾಡುವುದು ಮರೆಯಬೇಡಿ, ಇಲ್ಲದಿದ್ದರೆ ಗಿಟಾರ್ ಮಂಕಾಗುತ್ತದೆ.

ಎಲ್ಲ ಸರಿ, ಆದರೂ ನನಗೆ ಟ್ಯೂಬ್ ಆಂಪೇ ಬೇಕು. ತಪ್ಪಾ?

ತಪ್ಪಿಲ್ಲ. ನಿಮ್ಮದೇ ಮನೆ ಇದ್ದರೆ, ಹಗಲು ಹೊತ್ತು ಜೋರಾಗಿ ನುಡಿಸುವ ಕೋಣೆ ಇದ್ದರೆ, ಒಂದೆರಡೇ ಟೋನ್ ಸಾಕು ಅನ್ನುವ ಬ್ಲೂಸ್-ರಾಕ್ ಮನಸ್ಸು ಇದ್ದರೆ ಖಂಡಿತ ತೆಗೆದುಕೊಳ್ಳಿ. ಟ್ಯೂಬ್ ಆಂಪ್‌ನಲ್ಲಿ ಮೆನು ಇಲ್ಲ, ಅಪ್‌ಡೇಟ್ ಇಲ್ಲ. ಮಾಡೆಲರ್ ಹಿಡಿದವರು ಸಂಜೆಯೆಲ್ಲ ಪ್ರೀಸೆಟ್ ತಿದ್ದುತ್ತಾ ಒಂದು ಸ್ಕೇಲ್ ಕೂಡ ನುಡಿಸದೆ ಮಲಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಹೊಸದು ದುಬಾರಿಯಾದರೆ ಸೆಕೆಂಡ್ ಹ್ಯಾಂಡ್ ನೋಡಿ. ದುಬಾರಿ ಆಮದು ಅನ್ನುವುದು ನಮ್ಮೊಬ್ಬರ ಗೋಳಲ್ಲ. ಅಮೆರಿಕದ ಫೆಂಡರ್ ಆಂಪ್ ಇಂಗ್ಲೆಂಡ್‌ನಲ್ಲಿ ಕೈಗೆಟುಕದಷ್ಟು ಬೆಲೆಯಿದ್ದ ಕಾಲದಲ್ಲೇ ಲಂಡನ್‌ನ ಜಿಮ್ ಮಾರ್ಷಲ್ ಅಂಗಡಿಯವರು ಫೆಂಡರ್‌ನ ಬಾಸ್‌ಮನ್ ಆಂಪ್‌ನ ಸರ್ಕ್ಯೂಟ್ ನೋಡಿ 1962ರಲ್ಲಿ ತಮ್ಮದೇ ಜೆಟಿಎಂ45 ಆಂಪ್ ಮಾಡಿದ್ದು.

ಸೆಕೆಂಡ್ ಹ್ಯಾಂಡ್ ಟ್ಯೂಬ್ ಆಂಪ್ ನೋಡಲು ಹೋದಾಗ ಏನು ಪರೀಕ್ಷೆ ಮಾಡಲಿ?

ನಿಮ್ಮ ಗಿಟಾರ್, ನಿಮ್ಮ ವೈರ್ ತೆಗೆದುಕೊಂಡು ಹೋಗಿ. ಆನ್ ಮಾಡಿ ಕನಿಷ್ಠ ಅರ್ಧ ಗಂಟೆ ನುಡಿಸಿ, ಕೆಲವು ದೋಷ ಬಿಸಿಯಾದ ಮೇಲೇ ತಲೆ ಎತ್ತುತ್ತವೆ. ಪವರ್ ಟ್ಯೂಬ್‌ನ ಒಳಗಿನ ಬೂದು ಬಣ್ಣದ ಪ್ಲೇಟ್ ಕೆಂಪಗೆ ಕಾಯುತ್ತಿದ್ದರೆ ತಕ್ಷಣ ಆಫ್ ಮಾಡಿಸಿ. ತಂತಿ ಮಾತ್ರ ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ಸರಿ, ಗಾಜಿನ ಬಳಿ ನೀಲಿ ಛಾಯೆ ಕಂಡರೂ ಹೆದರಬೇಡಿ. ಪ್ರೀಆಂಪ್ ಟ್ಯೂಬ್‌ಗಳನ್ನು ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಟಣ್ ಅಂತ ಜೋರಾಗಿ ಕೇಳಿಸಿದರೆ ಆ ಟ್ಯೂಬ್ ಬದಲಿಸಬೇಕು, ಆದರೆ ಅದು ಚಿಕ್ಕ ಖರ್ಚು. ಎಲ್ಲ ನಾಬ್ ತಿರುಗಿಸಿ ನೋಡಿ. ಬರೀ ಚರಚರ ಸದ್ದಾದರೆ ಕ್ಲೀನರ್ ಸ್ಪ್ರೇಯಿಂದ ಹೋಗುತ್ತದೆ. ಗಿಟಾರ್ ಹಾಕದೆ ಇದ್ದಾಗಲೂ ದಪ್ಪನೆಯ ಗುಂಯ್ ಸದ್ದು ಇದ್ದರೆ ಫಿಲ್ಟರ್ ಕೆಪಾಸಿಟರ್‌ಗಳು ಮುದಿಯಾಗಿರಬಹುದು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಹಿಂದಿನ ವೋಲ್ಟೇಜ್ ಚೀಟಿ ಓದಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಿಸಿದ್ದಾರಾ ಅಂತ ನೇರವಾಗಿ ಕೇಳಿ. ಮಾರುವವರು ‘ಸ್ಪೀಕರ್ ಇಲ್ಲ, ಆದರೆ ಆನ್ ಆಗುತ್ತೆ ನೋಡಿ’ ಅಂತ ಸ್ವಿಚ್ ಒತ್ತಲು ಹೋದರೆ ಕೈ ಹಿಡಿದು ನಿಲ್ಲಿಸಿ, ಟೀ ಕುಡಿದು ಎದ್ದು ಬನ್ನಿ.